ಹೆಸರಿಡುವ ಮೊದಲೇ ಅಚ್ಚಾದ ಅಂಚೆಚೀಟಿ

ಬ್ರಿಟನ್ ಒಂದನ್ನು ಬಿಟ್ಟರೆ ಎಲ್ಲ ದೇಶಗಳೂ ತಮ್ಮ ಅಂಚೆಚೀಟಿಯ ಮೇಲೆ ಹೆಸರು ಹಾಕಿಕೊಳ್ಳುತ್ತವೆ. ಆದರೆ ಹೆಸರೇ ಇನ್ನೂ ನಿಶ್ಚಯವಾಗದ ದೇಶ ಏನು ಹಾಕಬೇಕು? 1948ರಲ್ಲಿ ಟೆಲ್ ಅವೀವ್ ನಗರದಲ್ಲಿ ಎದುರಾದ ಪ್ರಶ್ನೆ ಇದು.

ಪ್ಯಾಲೆಸ್ಟೀನಿನಲ್ಲಿ ಬ್ರಿಟಿಷರ ಆಡಳಿತ ಮೇ ತಿಂಗಳ ಮಧ್ಯದಲ್ಲಿ ಮುಗಿಯಲಿತ್ತು. ಹೊಸ ಯಹೂದಿ ರಾಷ್ಟ್ರಕ್ಕೆ ಮೊದಲ ದಿನದಿಂದಲೇ ಅಂಚೆ ಬೇಕಿತ್ತು. ಬ್ರಿಟಿಷರು ಇರುವಾಗಲೇ ಗುಟ್ಟಾಗಿ ಮುದ್ರಣ ನಡೆಯಿತು. ಕಲಾವಿದ ಓಟ್ಟೆ ವಾಲಿಷ್ ರಚಿಸಿದ ಆ 9 ಚೀಟಿಗಳಲ್ಲಿ ದೇಶದ ಹೆಸರಿನ ಬದಲು 'ದೋಅರ್ ಇವ್ರಿ', ಅಂದರೆ 'ಹೀಬ್ರೂ ಅಂಚೆ' ಎಂದಿತ್ತು. ಅದನ್ನೇ ಅರಬ್ಬಿಯಲ್ಲೂ ಬರೆಯಲಾಗಿತ್ತು. ಮುಖಬೆಲೆ ಹಳೆಯ ಆಡಳಿತದ 'ಮಿಲ್'ಗಳಲ್ಲೇ, 3ರಿಂದ 1000ದವರೆಗೆ.

ಚಿತ್ರಕ್ಕೆ ಆರಿಸಿದ್ದು ಯಾವ ನಾಯಕನ ಮುಖವನ್ನೂ ಅಲ್ಲ, ಪುರಾತನ ನಾಣ್ಯಗಳನ್ನು. ರೋಮನ್ನರ ವಿರುದ್ಧ ಯಹೂದಿಗಳು ಎರಡು ಬಾರಿ ದಂಗೆ ಎದ್ದಾಗ ಟಂಕಿಸಿದ ನಾಣ್ಯಗಳವು. ಮೊದಲ ದಂಗೆ ಕ್ರಿ.ಶ. 66ರಲ್ಲಿ ಆರಂಭವಾಯಿತು, 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಯಿತು. 132ರಿಂದ 135ರವರೆಗೆ ಬಾರ್ ಕೋಖ್ಬಾ ನಡೆಸಿದ ದಂಗೆಯೂ ಸೋಲಿನಲ್ಲೇ ಮುಗಿಯಿತು.

ಸೋತವರ ನಾಣ್ಯವೇ ಏಕೆ? ನಾಣ್ಯ ಹೊಡೆಯುವುದು ಆಳುವವನ ಹಕ್ಕು. ಬಾರ್ ಕೋಖ್ಬಾನ ಜನ ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳ ಮೇಲೆಯೇ ತಮ್ಮ ಅಚ್ಚು ಒತ್ತಿದರು. ಖರ್ಜೂರದ ಮರ, ದ್ರಾಕ್ಷಿಗೊಂಚಲು, ತಂತಿವಾದ್ಯಗಳ ಅಡಿಯಲ್ಲಿ ಚಕ್ರವರ್ತಿಯ ಮುಖದ ಗುರುತು ಕೆಲವು ನಾಣ್ಯಗಳಲ್ಲಿ ಇಂದಿಗೂ ಮಸುಕಾಗಿ ಉಳಿದಿದೆ. 'ಇಲ್ಲಿ ಆಳ್ವಿಕೆ ನಮ್ಮದು' ಎಂದು ಅಂದು ನಾಣ್ಯ ಸಾರಿದ್ದನ್ನೇ 1948ರಲ್ಲಿ ಅಂಚೆಚೀಟಿ ಮತ್ತೆ ಸಾರಿತು.

ಮೇ 14ರ ಶುಕ್ರವಾರ ಇಸ್ರೇಲ್ ಸ್ವಾತಂತ್ರ್ಯ ಘೋಷಿಸಿತು. ಮರುದಿನ ಯಹೂದಿಗಳ ವಿಶ್ರಾಂತಿಯ ದಿನ. 16ರ ಭಾನುವಾರ ಚೀಟಿಗಳು ಮಾರಾಟಕ್ಕೆ ಬಂದವು. ನಂತರದ ಚೀಟಿಗಳಲ್ಲಿ 'ಇಸ್ರೇಲ್' ಎಂಬ ಹೆಸರು ಬಂತು.

ಈ ಮೊದಲ ಮಾಲೆಯಲ್ಲಿ ಸಂಗ್ರಾಹಕರು ಹುಡುಕುವುದು ಹಾಳೆಯ ಕೆಳಸಾಲಿನ ಚೀಟಿಗಳನ್ನು. ಅವಕ್ಕೆ ಮಾತ್ರ ಬರಹವಿರುವ ಒಂದು ತುಂಡು, 'ಟ್ಯಾಬ್', ಅಂಟಿಕೊಂಡಿರುತ್ತದೆ. ದೊಡ್ಡ ಮುಖಬೆಲೆಯ ಚೀಟಿ ಟ್ಯಾಬ್ ಸಮೇತ ಸಿಕ್ಕರೆ ಅದರ ಬೆಲೆಯೇ ಬೇರೆ.

ಆದರೆ ಟ್ಯಾಬ್ ನೋಡುವ ಕಣ್ಣು ಚೀಟಿಯ ಮೇಲಿನ ಅರಬ್ಬಿ ಅಕ್ಷರಗಳನ್ನೂ ನೋಡಬೇಕು. ಆ ವರ್ಷಗಳ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿ ಅರಬರು ನೆಲೆ ಕಳೆದುಕೊಂಡರು. ಅವರಲ್ಲಿ ಅನೇಕರಿಗೆ ಬರಬೇಕಾದ ಪತ್ರಗಳಿಗೆ ಹಳೆಯ ವಿಳಾಸವೇ ಉಳಿಯಲಿಲ್ಲ.