ಒಂದು ಬೀಗದಕೈ, ಹಲವು ಬಾಗಿಲು

ನಮ್ಮ ಮಹಾಲಿನ ಹಳೆಯ ವಾಡಾಗಳಲ್ಲಿ ಒಬ್ಬರ ಮನೆಯ ಬೀಗದಕೈ ನೆರೆಮನೆಯ ಬಾಗಿಲನ್ನೂ ತೆರೆಯುವುದೆಂದು ತಿಳಿದರೆ ಗೃಹಸ್ಥರು ಅಂದೇ ಬೀಗ ಬದಲಿಸುವರು. ಶರೀರದ ರೀತಿ ಬೇರೆ. ರಕ್ಷಣಾ ಕಾರ್ಯದಲ್ಲಿ ನಿರತವಾದ ಟಿ-ಜೀವಕೋಶಗಳ ಮೇಲ್ಮೈಯಲ್ಲಿ ಗ್ರಾಹಿಗಳೆಂಬ ಪ್ರೋಟೀನುಗಳಿವೆ. ಪರಕೀಯ ಪ್ರೋಟೀನಿನ ತುಣುಕುಗಳನ್ನು ಗುರುತಿಸುವುದು ಇವುಗಳ ಕೆಲಸ. ರೋಗಾಣುಗಳು ಅಸಂಖ್ಯ, ಗ್ರಾಹಿಗಳು ಮಿತ. ಆದುದರಿಂದ ಒಂದೊಂದು ಗ್ರಾಹಿಯೂ ಹತ್ತು ಲಕ್ಷಕ್ಕೂ ಮಿಕ್ಕಿದ ತುಣುಕುಗಳಿಗೆ ಸ್ಪಂದಿಸಬಲ್ಲದೆಂದು 1998ರಲ್ಲಿ ಡಾನ್ ಮೇಸನ್ ಅಂದಾಜು ಮಾಡಿದರು. ಈ ಅಡ್ಡಪ್ರತಿಕ್ರಿಯೆ ಗ್ರಾಹಿಯ ದೋಷವಲ್ಲ, ಸ್ವಭಾವ.

ಆದರೆ ಆ ಸ್ವಭಾವವನ್ನು ಮರೆತು ಚಿಕಿತ್ಸೆಗಿಳಿದರೆ ಅನಾಹುತ ತಪ್ಪದು. ಕ್ಯಾನ್ಸರಿನ ಮೇಜ್-ಎ3 ಎಂಬ ಪ್ರೋಟೀನನ್ನು ಬಲವಾಗಿ ಹಿಡಿಯುವಂತೆ ಮಾರ್ಪಡಿಸಿದ ಗ್ರಾಹಿಯುಳ್ಳ ಜೀವಕೋಶಗಳನ್ನು ಅಮೆರಿಕದಲ್ಲಿ ಇಬ್ಬರು ರೋಗಿಗಳಿಗೆ ಕೊಡಲಾಯಿತು. ಕೆಲವೇ ದಿನಗಳಲ್ಲಿ ಇಬ್ಬರೂ ಹೃದಯಕ್ಕಾದ ತೀವ್ರ ಹಾನಿಯಿಂದ ತೀರಿಕೊಂಡರು. 2013ರಲ್ಲಿ ಪ್ರಕಟವಾದ ವರದಿಯಂತೆ ಆ ಗ್ರಾಹಿ ಹೃದಯಸ್ನಾಯುವಿನ ಟೈಟಿನ್ ಪ್ರೋಟೀನನ್ನೂ ಹಿಡಿದಿತ್ತು. ಎರಡು ತುಣುಕುಗಳ 9 ಅಮೈನೋ ಆಮ್ಲಗಳಲ್ಲಿ ಸಮಾನವಾದವು 5 ಮಾತ್ರ! ಅಕ್ಷರಗಳನ್ನು ಹೋಲಿಸಿ ನೋಡಿದವರಿಗೆ ಕಾಣದ ಸಾಮ್ಯ ಆಕಾರದಲ್ಲಿತ್ತು. ಸಾಮಾನ್ಯ ಪರೀಕ್ಷೆಗಳಲ್ಲಿ ಸುಳಿವು ಸಿಗಲಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ, ಮಿಡಿಯುವ ಹೃದಯಕೋಶಗಳಲ್ಲಿ ಮಾತ್ರ ಅದು ಗೋಚರಿಸಿತು.

ಹೀಗಿರಲು ಗ್ರಾಹಿಯ ಮೂರು ಆಯಾಮದ ರಚನೆಯನ್ನು ಗಣಕಯಂತ್ರದಲ್ಲಿ ರೂಪಿಸಿ, ಮಾನವ ಶರೀರದ ಪ್ರೋಟೀನ್ ತುಣುಕುಗಳೊಡನೆ ಒರೆಹಚ್ಚುವುದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಪ್ರೋಟೀನಿನ ಕೊಂಡಿಗಳು ಯಾವ ಕೋನಗಳಲ್ಲಿ ತಿರುಗಬಲ್ಲವೆಂದು 1963ರಲ್ಲಿ ತೋರಿಸಿದವರು ಜಿ. ಎನ್. ರಾಮಚಂದ್ರನ್, ಮುಂದೆ ಅವರು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. (ಈ ನಂಟನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.) ಇಂದಿನ ಆಲ್ಫಾಫೋಲ್ಡ್‌ನಂಥ ಕಾರ್ಯಕ್ರಮಗಳು ರಚನೆಯನ್ನು ಶೀಘ್ರವಾಗಿ ಊಹಿಸುತ್ತವೆ. ಆದರೂ ತುಣುಕನ್ನು ಮುಟ್ಟುವ ಗ್ರಾಹಿಯ ಕುಣಿಕೆಗಳು ಬಳುಕುವಂಥವು; ಊಹೆ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಗಣಕಯಂತ್ರ ಜರಡಿಯಾಗಲಿ, ಪರವಾನಗಿಯಾಗುವುದು ಬೇಡ.

ಇದು ದೂರದ ಮಾತೇನಲ್ಲ. ಮುಂಬಯಿಯ ಐಐಟಿಯಲ್ಲಿ ಹುಟ್ಟಿದ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆತಿದೆ. ಅದರ ಗ್ರಾಹಿ ಬೇರೆ ಬಗೆಯದು. ಟಿ-ಗ್ರಾಹಿಯನ್ನೇ ಮಾರ್ಪಡಿಸಿದ ಚಿಕಿತ್ಸೆಗೆ ಅಮೆರಿಕದಲ್ಲಿ 2024ರಲ್ಲಿ ಅನುಮತಿಯಾಯಿತು. ಅದು ಇಲ್ಲಿಗೆ ಬಂದಾಗ, ನಾಗಪುರದಿಂದ ಮುಂಬಯಿಗೆ ರೋಗಿಯನ್ನು ಕರೆದೊಯ್ಯುವ ಬಂಧುಗಳು ಖರ್ಚನ್ನು ವಿಚಾರಿಸುವ ಮೊದಲು ಇನ್ನೊಂದು ಪ್ರಶ್ನೆ ಕೇಳಲಿ: ಈ ಗ್ರಾಹಿಯನ್ನು ಮಿಡಿಯುವ ಹೃದಯಕೋಶಗಳ ಮೇಲೆ ಪರೀಕ್ಷಿಸಿದ್ದೀರಾ?