ಡಿಶ್ ಮಾಡಿನಿಂದ ಅಂಗಳಕ್ಕಿಳಿದ ಕತೆ

ಹೋದ ವರ್ಷದ ಜುಲೈ. ಆಫೀಸಿನಿಂದ ಬಂದು ಇನ್ನೂ ಬ್ಯಾಗ್ ಇಳಿಸಿರಲಿಲ್ಲ, ಅಮ್ಮನ ಫೋನು. "ಗಾಬರಿ ಆಗ್ಬೇಡ ಪುಟ್ಟಿ, ಅಪ್ಪಯ್ಯ ಏಣಿಯಿಂದ ಜಾರಿದ್ರು." ಗಾಬರಿ ಆಗ್ಬೇಡ ಅಂತ ಶುರುವಾಗುವ ಫೋನಿಗೆ ಗಾಬರಿಯಾಗದೆ ಇರೋದಾದ್ರೂ ಹೇಗೆ?

ಆಗಿದ್ದು ಇಷ್ಟು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಸಂಜೆ ಜೋರು ಮಳೆ. ವಾರ್ತೆ ನೋಡ್ತಿದ್ದಾಗ ಟಿವಿ ಚಿತ್ರ ಚೂರುಚೂರಾಗಿ ನಿಂತುಹೋಯ್ತು. ಗಾಳಿಗೆ ಡಿಶ್ ತಿರುಗಿರಬೇಕು ಅಂದುಕೊಂಡು, 68 ವರ್ಷದ ಅಪ್ಪಯ್ಯ ಪಾಚಿ ಕಟ್ಟಿದ ಮಾಡಿಗೆ ಏಣಿ ಇಟ್ಟಿದ್ದಾರೆ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ತೋಟಕ್ಕೆ ಎರಡನೇ ಸಲ ಕೊಳೆ ಔಷಧಿ ಹೊಡೆಸುವ ಹೊತ್ತು ಬೇರೆ.

ಆ ಡಿಶ್ ಹಾಕಿಸಿದ್ದು ನಾನೇ. ಬೆಂಗಳೂರಲ್ಲಿ ಕೂತು, ಫೋನಲ್ಲಿ. "ಫಿಟ್ ಮಾಡಿದ್ರಾ ಅಪ್ಪಯ್ಯ?" "ಹ್ಞೂಂ, ಆಯ್ತು." ಅಲ್ಲಿಗೆ ನನ್ನ ಜವಾಬ್ದಾರಿ ಮುಗಿದಿತ್ತು. ಎಲ್ಲಿ ಹಾಕಿದ್ರು, ಕೇಬಲ್ ಹೇಗೆ ತಂದ್ರು ಅಂತ ಕೇಳಲೇ ಇಲ್ಲ.

ಮುಂದಿನ ಶನಿವಾರ ಊರಿಗೆ ಹೋಗಿ ನೋಡಿದೆ. ಫಿಟ್ ಮಾಡಲು ಬಂದ ಹುಡುಗ ಡಿಶ್ಶನ್ನು ಮಾಡಿನ ತುದಿಗೆ ಏರಿಸಿದ್ದ. ಕೇಬಲ್ ಹಂಚಿನ ಮೇಲೆ ಬಿದ್ದುಕೊಂಡು, ಸೂರಿನಡಿ ಒಂದು ಕಡೆ ಟೇಪು ಸುತ್ತಿದ ಜಾಯಿಂಟ್ ಆಗಿ, ಕಿಟಕಿ ಬಾಗಿಲಿನ ಸಂದಿಯಲ್ಲಿ ಜಜ್ಜಿಸಿಕೊಂಡು ಒಳಗೆ ಬಂದಿತ್ತು. ಜಾಯಿಂಟ್ ಬಿಚ್ಚಿದರೆ ಒಳಗೆ ನೀರು, ತಾಮ್ರ ಹಸಿರಾಗಿತ್ತು.

ಡಿಶ್ ಮೇಲೇ ಇರಬೇಕು ಅನ್ನೋದು ಹಳೇ ದೂರದರ್ಶನದ ಕಾಲದ ರೂಢಿ. ಆಗ ಸಿಗ್ನಲ್ ಬರ್ತಿದ್ದದ್ದು ದೂರದ ಗುಡ್ಡದ ಮೇಲಿನ ಟವರ್‌ನಿಂದ. ಎತ್ತರದ ಪೈಪಿಗೆ ಆಂಟೆನಾ ಕಟ್ಟಿ ಒಬ್ಬರು ತಿರುಗಿಸೋದು, ಒಳಗಿಂದ ಇನ್ನೊಬ್ಬರು "ಬಂತು, ಬಂತು... ಹೋಯ್ತು!" ಅಂತ ಕೂಗೋದು. ಡಿಶ್ ಲೆಕ್ಕವೇ ಬೇರೆ. ನಮ್ಮದು ಡಿಡಿ ಫ್ರೀ ಡಿಶ್; ಅದರ ಸಿಗ್ನಲ್ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ಇದೆ. ಅಷ್ಟು ದೂರಕ್ಕೆ ನಮ್ಮ ಮಾಡಿನ 15 ಅಡಿ ಯಾವ ಲೆಕ್ಕ? ಬೇಕಾಗಿರೋದು ಎತ್ತರ ಅಲ್ಲ, ಆ ದಿಕ್ಕಿನಲ್ಲಿ ಅಡ್ಡಿ ಇಲ್ಲದ ಆಕಾಶ.

ನಮ್ಮ ಕಡೆಯಿಂದ ಆ ಉಪಗ್ರಹ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಅಂದರೆ ಡಿಶ್‌ನಿಂದ 10 ಅಡಿ ದೂರದ ಮರ, ಡಿಶ್‌ಗಿಂತ 15 ಅಡಿ ಎತ್ತರ ಇದ್ದರೂ ಅಡ್ಡ ಬರೋದಿಲ್ಲ. ಮನೆ ಡಿಶ್‌ನ ಬಟ್ಟಲು ಓರೆಯಾಗಿ ಮಾಡಿದ್ದು, ಹಾಗಾಗಿ ಅದು ಅಷ್ಟು ಮೇಲೆ ನೋಡ್ತಿದೆ ಅಂತ ಕಣ್ಣಿಗೆ ಅನಿಸೋದಿಲ್ಲ. ಬೇರೆ ಕಂಪನಿ ಡಿಶ್ ಆದರೆ ಉಪಗ್ರಹವೂ ಬೇರೆ ಇರಬಹುದು. ಫೋನಿನ ದಿಕ್ಸೂಚಿ ಹಿಡಿದು ಮೊದಲೇ ನೋಡಿಕೊಳ್ಳಿ.

ಹಾಗೆ ಡಿಶ್ ಅಂಗಳಕ್ಕೆ ಇಳಿಯಿತು. ನಮ್ಮದು ಹಳೇ ಮಣ್ಣಿನ ಗೋಡೆ, ಬೋಲ್ಟ್ ಹಿಡಿಯೋದಿಲ್ಲ. ಅದಕ್ಕೆ ಅಂಗಳದ ಮೂಲೆಯಲ್ಲಿ ಗುಂಡಿ ತೆಗೆದು, ಕಾಂಕ್ರೀಟ್ ಹಾಕಿ ಜಿಐ ಪೈಪ್ ನಿಲ್ಲಿಸಿದೆವು. ಪೈಪ್ ನೆಟ್ಟಗಿದೆಯಾ ಅಂತ ಗಾರೆಯವರ ರಸಮಟ್ಟ ಇಟ್ಟು ನೋಡಿದೆವು. ಅದು ವಾಲಿದ್ದರೆ ಡಿಶ್ ಕೂರಿಸುವಾಗ ಯಾವ ಕೋನವೂ ಸರಿ ಬರೋದಿಲ್ಲ. ನೆಲದಲ್ಲಿ ನಿಂತೇ ಕೈಗೆ ಸಿಗುವ ಎತ್ತರ.

ಕೇಬಲ್‌ಗೆ ಮೊದಲು ಕಾಗದದ ಮೇಲೆ ದಾರಿ ಬರೆದುಕೊಂಡೆ. ಅಳೆದರೆ 18 ಮೀಟರ್. ಎರಡು ಮೀಟರ್ ಹೆಚ್ಚಿಗೆ ಇಟ್ಟು ಆರ್‌ಜಿ-6 ಕೇಬಲ್ ತಂದೆ, ಮಧ್ಯೆ ಜಾಯಿಂಟ್ ಇಲ್ಲದೆ ಒಂದೇ ತುಂಡು. ಅಂಗಳದಲ್ಲಿ ಪಿವಿಸಿ ಪೈಪ್ ಹೂತು ಅದರೊಳಗೆ ಎಳೆದೆವು, ಕರೆಂಟ್ ವೈರ್‌ನಿಂದ ದೂರ. ಪೈಪಿನಲ್ಲಿ ಒಂದು ನೈಲಾನ್ ದಾರವನ್ನೂ ಬಿಟ್ಟಿದ್ದೇವೆ, ನಾಳೆ ಇನ್ನೊಂದು ಕೇಬಲ್ ಬೇಕಾದರೆ ಅಗೆಯೋದು ತಪ್ಪುತ್ತದೆ. ತಿರುವಿನಲ್ಲಿ ಕೇಬಲ್ ಮಡಚಬಾರದು, ದೊಡ್ಡ ಬಾಗು ಕೊಡಬೇಕು. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಬೇಕು. ಕೇಬಲ್ ಒಳಗೆ ಹೋಗುವ ಮುಂಚೆ ಹೊರಗೆ ಒಂದು ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರೋದಿಲ್ಲ. ಡಿಶ್ ಕಡೆಯ ಕನೆಕ್ಟರ್‌ಗೆ ರಬ್ಬರ್ ಟೋಪಿ.

ಇನ್ನೊಂದು ವಿಷಯ. ಎರಡು ಟಿವಿಗೆ ಸಾದಾ ಸ್ಪ್ಲಿಟರ್ ಹಾಕಿ ಒಂದೇ ಕೇಬಲ್ ಹಂಚೋಕೆ ಹೋಗಬೇಡಿ. ಚಾನೆಲ್ ಬದಲಿಸಿದಾಗ ಬಾಕ್ಸ್ ಅದೇ ಕೇಬಲ್‌ನಲ್ಲಿ 13 ಅಥವಾ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಗೆ ಸೂಚನೆ ಕೊಡುತ್ತದೆ. ಎರಡು ಬಾಕ್ಸ್ ಎರಡು ಥರ ಹೇಳಿದರೆ ಅದು ಯಾರ ಮಾತು ಕೇಳಬೇಕು? ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ತಂದು, ಒಂದೊಂದು ಟಿವಿಗೆ ಒಂದೊಂದು ಕೇಬಲ್ ಎಳೆಸಿ. ಹೊಸ ಮನೆ ಕಟ್ಟಿಸ್ತಿದ್ದರೆ ಪ್ಲಾಸ್ಟರಿಂಗ್‌ಗೆ ಮುಂಚೆಯೇ ಪೈಪ್ ಹಾಕಿಸಿಬಿಡಿ.

ಕೆಲಸ ಎಲ್ಲ ಮುಗಿದ ಮೇಲೆ ಅಪ್ಪಯ್ಯ ಕೇಳಿದ್ರು, "ಹಂಗಾದ್ರೆ ಇನ್ನು ಮಳೆಗೆ ಹೋಗಲ್ಲ ಅಲ್ವಾ?"

ಹೋಗುತ್ತೆ. ಉಪಗ್ರಹದಿಂದ ಡಿಶ್‌ಗೆ ಬರುವ ಅಲೆಗಳನ್ನು ದಪ್ಪ ಮಳೆಯ ಹನಿಗಳು ಹೀರಿ ಚದುರಿಸಿಬಿಡುತ್ತವೆ. ಆ ಹೊತ್ತಿಗೆ ಡಿಶ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಮಳೆ ಇಳಿದರೆ ತಾನಾಗಿ ಬರುತ್ತದೆ. ಕೇಬಲ್ ಸರಿಯಿದ್ದರೆ ಹೋಗೋದು ಕಡಿಮೆ, ಅಷ್ಟೇ. ಗುಡುಗುವ ಲಕ್ಷಣ ಕಂಡರೆ ಮೊದಲೇ ಪ್ಲಗ್ ತೆಗೆದು, ಬಾಕ್ಸ್‌ನ ಹಿಂದಿನ ಕೇಬಲ್ಲನ್ನೂ ಬಿಚ್ಚಿಡಬೇಕು.

ಅಪ್ಪಯ್ಯ ಪ್ಲಾಸ್ಟರ್ ಕೈ ನೋಡಿಕೊಂಡು ಸುಮ್ಮನಾದರು. ಆಮೇಲೆ, "ಇದನ್ನ ಯಾರೂ ಹೇಳಿರ್ಲಿಲ್ಲ" ಅಂದರು. ಹೌದು, ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಎರಡು ನಿಮಿಷದ ಮಾತಾಗಿತ್ತು.

ಅಪ್ಪ ಅಮ್ಮನಿಗೆ ಆನ್‌ಲೈನ್‌ನಲ್ಲಿ ಏನೇನೋ ಕಳಿಸ್ತೀವಿ. ಮುಂದಿನ ಸಲ ಊರಿಗೆ ಹೋದಾಗ ಅದನ್ನೆಲ್ಲ ಎಲ್ಲಿ ಹಾಕಿದ್ದಾರೆ ಅಂತ ಒಂದು ಸಲ ಮೇಲೆ ಕೆಳಗೆ ನೋಡಿ ಬನ್ನಿ.

ಈ ಜುಲೈಯಲ್ಲಿ ಮತ್ತೆ ಅಂಥದ್ದೇ ಮಳೆ. ಫೋನ್ ಮಾಡಿದೆ. "ಟಿವಿ ಹೋಗಿದೆ" ಅಂದಳು ಅಮ್ಮ. ಎದೆ ಧಸಕ್ ಅಂತು. "ಅಪ್ಪಯ್ಯ ಎಲ್ಲಿ?"

"ಇಲ್ಲೇ ಕೂತಿದ್ದಾರೆ. ಮಳೆ ಬಿಟ್ಮೇಲೆ ಬರ್ತದೆ, ಅಲ್ಲೀವರೆಗೆ ಎರಡು ಹಪ್ಪಳ ಸುಡು ಅಂತಿದ್ದಾರೆ."