ಗೀ ಗೀ ಅನ್ನೋರಿಗೆ ಕುರ್ಚಿ ಬೇಡವೇ?

ಹೋದ ಸಲ ಆರನೇ ತರಗತಿಯವರು ಜನವರಿ 26ಕ್ಕೆ ಯಾವ ಸಿನಿಮಾ ಹಾಡಿಗೆ ಡ್ಯಾನ್ಸ್ ಮಾಡಬೇಕು ಅಂತ ಬರೆದಿದ್ದರು. ಮಾಡ್ಲಿ, ನನ್ನ ತಕರಾರಿಲ್ಲ. ಆದರೆ ಈ ಸಲ ಗೀಗೀ ಮೇಳವನ್ನೂ ಕರೆಸಬೇಕು ಎಂಬುದು ನನ್ನ ಅಭಿಪ್ರಾಯ. ಅದು ಮುದುಕರು ಕೇಳೋದು ಅಂತ ನಗಬೇಡ್ರಿ, ಪೂರಾ ಓದ್ರಿ.

ನಮ್ಮೂರ ಜಾತ್ರೆಯಲ್ಲಿ ಮೇಳ ಹಾಡಿದ್ದು ನೀವೂ ನೋಡಿದ್ದೀರಿ. ನಾಲ್ಕೇ ಜನ. ಮುಂದಿನವರು ದಪ್ಪು ಬಾರಿಸುತ್ತ ಹಾಡುತ್ತಾರೆ, ಒಬ್ಬರ ಕೈಯಲ್ಲಿ ತುಂತುಣಿ, ಇನ್ನೊಬ್ಬರ ಕೈಯಲ್ಲಿ ತಾಳ. ಹಿಂದಿನವರೆಲ್ಲ ಸೇರಿ ಗೀ ಗೀ ಅಂತ ದನಿಗೂಡಿಸುತ್ತಾರೆ. ಅವತ್ತು ಅವರು ಹಲಗಲಿ ಬೇಡರ ಲಾವಣಿ ಹಾಡಿದರು.

ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಕಂಪನಿ ಸರಕಾರ, ಯಾರೂ ಆಯುಧ ಇಟ್ಟುಕೊಳ್ಳಬಾರದು, ತಂದು ಒಪ್ಪಿಸಿರಿ ಎಂದು ಕಾಯ್ದೆ ಮಾಡಿತು. ಬೇಡರು ಬೇಟೆ ಆಡಿ ಬದುಕುವವರು. ಆಯುಧ ಕೊಟ್ಟರೆ ಅನ್ನವನ್ನೇ ಕೊಟ್ಟ ಹಾಗೆ. ಹನುಮ, ಬಾಲ, ಜಡಗ, ರಾಮ ಎಂಬುವರು ಮುಂದೆ ನಿಂತು ಕೊಡೋದಿಲ್ಲ ಎಂದರು. ಇವರು ರಾಜರೂ ಅಲ್ಲ, ಸರದಾರರೂ ಅಲ್ಲ. ಆ ವರ್ಷ ನವೆಂಬರಿನಲ್ಲಿ ದಂಡು ರಾತ್ರಿ ಬಂದು ಊರಿಗೆ ಬೆಂಕಿ ಹಚ್ಚಿತು. ಬಹಳ ಜನ ಸತ್ತರು, ಸಿಕ್ಕವರಲ್ಲಿ ಕೆಲವರನ್ನು ಗಲ್ಲಿಗೆ ಹಾಕಿದರು.

ಇತಿಹಾಸದ ಪಾಠದಲ್ಲಿ 1857 ಅಂದರೆ ನಾವು ರಾಜ ರಾಣಿಯರ ಹೆಸರು, ಇಸವಿ ಬಾಯಿಪಾಠ ಮಾಡ್ತೀವಿ. ಲಾವಣಿ ಹಾಗಲ್ಲ. ಲೂಟಿಯಲ್ಲಿ ಏನೇನು ಹೋಯ್ತು ಅಂತ ಮನೆ ಸಾಮಾನನ್ನೆಲ್ಲ ಅದು ಲೆಕ್ಕ ಹಾಕುತ್ತದೆ. ಹಾಲು, ಬೆಣ್ಣೆ, ಜೀರಿಗೆ, ಚರಗಿ, ಕಡೆಗೆ ಹೆಂಗಸರ ಮಂಗಳಸೂತ್ರ. ಬೀಸುಕಲ್ಲಿನ ಸಾಲು ಬಂದಾಗ ನನ್ನ ಪಕ್ಕ ಕೂತಿದ್ದ ನಮ್ಮ ಅಜ್ಜಿ "ಬೀಸೋ ಕಲ್ಲೂ ಬಿಡಲಿಲ್ಲೇನು ಪಾಪಿಗಳು" ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜ್ಜಿಗೆ ಓದೋಕೆ ಬರೋದಿಲ್ಲ. ನನಗೆ ಪಾಠ ಓದಿ ಯಾವತ್ತೂ ಅಳು ಬಂದಿಲ್ಲ. ಈ ಲಾವಣಿಯನ್ನು ಆಮೇಲೆ ಸಂಗ್ರಹಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅಂತ ಗುರುಗಳು ಹೇಳಿದರು. ಅಲ್ಲೀತನಕ ಅದು ಹಾಡುವವರ ಬಾಯಲ್ಲೇ ಉಳಿದಿತ್ತು. ಹೆದರಿ ಸುಮ್ಮನಾಗಿದ್ದರೆ ನಮಗೆ ಹಾಡು ಎಲ್ಲಿ ಸಿಗುತ್ತಿತ್ತು?

ಹಾಡು ಮುಗಿದ ಮೇಲೆ ಜನ ಸಿಳ್ಳು ಹಾಕಿದರು. ಹತ್ತು ಇಪ್ಪತ್ತು ರೂಪಾಯಿ ಆಯೇರಿ ಮಾಡಿದರು. ಆಮೇಲೆ ಊಟ. ಊರವರೆಲ್ಲ ಗುಡಿಯ ಪಡಸಾಲೆಯಲ್ಲಿ ಪಂಕ್ತಿ ಕೂತರು. ಮೇಳದವರನ್ನು ಮಾತ್ರ ಹೊರಗೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂಡಿಸಿದರು. ನಮಗೆ ಸ್ಟೀಲಿನ ಲೋಟ, ಅವರಿಗೆ ಪ್ಲಾಸ್ಟಿಕ್ ಲೋಟ. ನೀರು ಕೊಡೋ ಕೆಲಸ ನನ್ನದಾಗಿತ್ತು. ನಾನೂ ಲೋಟ ಮುಟ್ಟದೆ ಮೇಲಿಂದ ನೀರು ಸುರಿದೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ, ಕೈ ತಾನೇ ಮೇಲಕ್ಕೆ ಹೋಯ್ತು. ದಪ್ಪು ಬಾರಿಸಿದವರ ಪಕ್ಕ ಅವರ ಮಗ ಕೂತಿದ್ದ. ನಮ್ಮ ತರಗತಿಯವನೇ, ನನ್ನ ಬೆಂಚಿನವನೇ. ಅವನು ತಲೆ ಎತ್ತಲಿಲ್ಲ.

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅವನನ್ನು ಕೇಳಿದೆ. "ಬರಿ, ನನ್ನ ಹೆಸರು ಬ್ಯಾಡ" ಅಂದ. ಅವನ ಅಪ್ಪನ ದಪ್ಪು ನೆನೆಸಿ ಅವನನ್ನು ನಾವೆಲ್ಲ ಡಬ್ ಡಬ್ ಅಂತ ಕರೀತೀವಿ. ನಾನೂ ಕರೆದಿದ್ದೇನೆ. ಇನ್ನು ಕರೆಯೋದಿಲ್ಲ.

ಅಜ್ಜನನ್ನು ಕೇಳಿದರೆ "ಹಿಂದಿನಿಂದ ನಡಕೊಂಡು ಬಂದದ್ದು, ನೀ ಸಣ್ಣಾವ, ಸುಮ್ಮನಿರು" ಎಂದರು. ಆದರೆ ನಾವು ಜನವರಿ 26 ಆಚರಿಸೋದು ಯಾಕೆ? 1950ರ ಆ ದಿನ ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಪರೀಕ್ಷೆಯಲ್ಲಿ ಇದನ್ನು ಬರೆದು ನಾವು ಮಾರ್ಕು ತಗೊಂಡಿದ್ದೇವೆ. ಮತ್ತೆ ಹಲಗಲಿಯವರಿಗೂ ಯಾರಾದರೂ ಸುಮ್ಮನಿರ್ರಿ ಎಂದು ಹೇಳಿಯೇ ಇರಬೇಕು. ಅವರ ಹಾಡಿಗೆ ಚಪ್ಪಾಳೆ ತಟ್ಟಿ, ಹಾಡಿದವರನ್ನು ಚಪ್ಪಲಿ ಹತ್ತಿರ ಕೂಡಿಸಿದರೆ ನಾವು ಕೇಳಿದ್ದಾದರೂ ಏನು?

ಅದಕ್ಕೇ ನಾನು ಮೇಳ ಕರೆಸೋಣ ಅನ್ನೋದು. ಖರ್ಚು ಜಾಸ್ತಿ ಇಲ್ಲ. ಧ್ವಜ ಏರಿಸಿದ ಮೇಲೆ ಹಾಡಲಿ. ಅತಿಥಿಗಳ ಸಾಲಿನಲ್ಲಿ ನಾಲ್ಕು ಕುರ್ಚಿ ಹಾಕಬೇಕು, ಆಫೀಸಿನಲ್ಲಿ ಇರೋ ಕುರ್ಚಿಗಳೇ ಸಾಕು. ಆಮೇಲೆ ಸಿಹಿ ಹಂಚುವಾಗ ಅವರೂ ನಾವೂ ಒಂದೇ ಸಾಲಿನಲ್ಲಿ ಕೂರಬೇಕು, ಒಂದೇ ತರದ ಲೋಟ ಇರಬೇಕು. ನೀರು ನಾನು ಕೊಡ್ತೀನಿ, ಲೋಟ ಕೈಯಲ್ಲಿ ಹಿಡಿದೇ ಕೊಡ್ತೀನಿ.

ಒಪ್ಪುವವರು, ಒಪ್ಪದವರು ಇದರ ಕೆಳಗೆ ಬಿಟ್ಟ ಜಾಗದಲ್ಲಿ ಬರೀರಿ. ಪೆನ್ಸಿಲ್ ದಾರಕ್ಕೆ ಕಟ್ಟಿದ್ದೇನೆ, ಯಾರೂ ಒಯ್ಯಬೇಡ್ರಿ.

– 7ನೇ ತರಗತಿ ವಿದ್ಯಾರ್ಥಿ